ತಮ್ಮ ಕೆಲಸ ಬಿಟ್ಟು ಸೇವೆಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಕರೆ ನಿಜವೇ ಎಂದು ತಿಳಿಯುವುದು ಹೇಗೆ?

ಗುಬ್ಬಿಯ ಅಕ್ಕ:
ಎಲ್ಲರಿಗೂ ವಂದನೆಗಳು. ಗುಬ್ಬಿ ತಾಲ್ಲೂಕಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ ನಮ್ಮದು. ತಮ್ಮ ಬಿ.ಎಸ್ಸಿ. ಓದಿ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ಕೆಲಸ ಈಗಷ್ಟೇ ಪರ್ಮನೆಂಟ್ ಆಗಿದೆ. ಈ ಸಲದ ಉಪವಾಸ ಪ್ರಾರ್ಥನೆ ಮುಗಿಸಿ ಬಂದವನು ಊಟಕ್ಕೆ ಕೂತಾಗ ಹೇಳಿದ: "ಕೆಲಸ ಬಿಡುತ್ತೇನೆ. ದೇವರು ಸೇವೆಗೆ ಕರೆಯುತ್ತಿದ್ದಾರೆ. ಬೈಬಲ್ ಕಾಲೇಜಿಗೆ ಹೋಗುತ್ತೇನೆ."

ಅಪ್ಪ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಅಮ್ಮನಿಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ಇವನು ಹುಟ್ಟುವ ಮೊದಲು, ಮಗ ಹುಟ್ಟಿದರೆ ದೇವರ ಸೇವೆಗೇ ಕೊಡುತ್ತೇನೆ ಎಂದು ಬೈಬಲಿನ ಹನ್ನಳ ಹಾಗೆ ಹರಕೆ ಹೊತ್ತಿದ್ದಳಂತೆ. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಅಪ್ಪನ ಮಾತಿನಲ್ಲೂ ನ್ಯಾಯ ಇದೆ. ನನ್ನ ಮದುವೆಗೆ ಮಾಡಿದ ಸಾಲ ಇನ್ನೂ ಸ್ವಲ್ಪ ಉಳಿದಿದೆ. ಇರುವ ತೆಂಗಿನ ಮರ ನಂಬಿಕೊಂಡು ಬದುಕು ನಡೆಯಲ್ಲ. "ಕೂಟದಲ್ಲಿ ಕಣ್ಣೀರು ಬಂದರೆ ಅದೇ ಕರೆನಾ?" ಅಂತ ಅವರು ಕೇಳುತ್ತಾರೆ. ನನಗೆ ಉತ್ತರ ಕೊಡಲು ಬರಲಿಲ್ಲ.

ದಯವಿಟ್ಟು "ಪ್ರಾರ್ಥನೆ ಮಾಡಿ" ಅಂತಷ್ಟೇ ಬರೆಯಬೇಡಿ. ಪ್ರಾರ್ಥನೆ ಮಾಡುತ್ತಲೇ ಇದ್ದೇವೆ. ಈ ದಾರಿಯಲ್ಲಿ ನಡೆದವರು, ಹತ್ತಿರದಿಂದ ನೋಡಿದವರು ಹೇಳಿ.

ಮಾಲೂರಿನ ಸಹೋದರ:
ಕರ್ತನಿಗೆ ಸ್ತೋತ್ರ ಅಕ್ಕ. ನನಗೆ ಇದರಲ್ಲಿ ಸಂಶಯ ಏನೂ ಕಾಣಿಸುತ್ತಿಲ್ಲ. ಯೇಸು ಕರೆದಾಗ ಪೇತ್ರ, ಅಂದ್ರೆಯ ಬಲೆ ಬಿಟ್ಟು ತಕ್ಷಣ ಹೊರಟರು. ಯಾಕೋಬ, ಯೋಹಾನರು ಅಪ್ಪನನ್ನೂ ದೋಣಿಯಲ್ಲೇ ಬಿಟ್ಟು ಹೋದರು. ಲೆಕ್ಕ ಹಾಕುತ್ತಾ ಕೂತರೆ ಯಾರೂ ಸೇವೆಗೆ ಹೋಗುವುದಿಲ್ಲ. ತಮ್ಮನನ್ನು ತಡೆಯಬೇಡಿ.

ಕೋಲಾರದ ನಿವೃತ್ತ ಸಭಾಪಾಲಕ:
ಮಗಳೇ, ನಿನ್ನ ತಂದೆಯ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದನ್ನು ಅಪನಂಬಿಕೆ ಅಂದುಕೊಳ್ಳಬೇಡಿ.

ಅಮ್ಮ ಹನ್ನಳ ಹೆಸರು ಹೇಳಿದ್ದರಿಂದ ಅವಳ ಮಗನ ಕಥೆಯನ್ನೇ ತೆಗೆದುಕೊಳ್ಳೋಣ. ಸಮುವೇಲನಿಗೆ ಕರೆ ಕೇಳಿಸಿತು. ಕರೆಯುತ್ತಿರುವವರು ಯಾರು ಎಂದು ಮಾತ್ರ ತಿಳಿಯಲಿಲ್ಲ. ಮೂರು ಸಲವೂ ಎದ್ದು ಓಡಿದ್ದು ಯಾಜಕನಾದ ಏಲಿಯ ಹತ್ತಿರ. ಇದು ಕರ್ತನ ಕರೆ ಎಂದು ಮೊದಲು ಅರಿತದ್ದು ಆ ಮುದುಕ. ಕಣ್ಣು ಮಂಜಾಗಿತ್ತು, ಸ್ವಂತ ಮಕ್ಕಳನ್ನು ತಿದ್ದಲು ಆಗಿರಲಿಲ್ಲ. ಆದರೂ ಆ ಹುಡುಗನಿಗೆ ಬೇಕಾಗಿದ್ದ ಮಾತು ಬಂದದ್ದು ಅವನ ಬಾಯಿಂದಲೇ.

ಅಪೊಸ್ತಲ ಪೌಲನನ್ನು ನೋಡಿ. ದಮಸ್ಕದ ದಾರಿಯಲ್ಲಿ ಅವನು ಕಂಡದ್ದಕ್ಕಿಂತ ದೊಡ್ಡ ದರ್ಶನ ಯಾರಿಗೆ ಆಗಿದೆ? ಅವನನ್ನೂ ಬಾರ್ನಬನನ್ನೂ ಕಳಿಸಿದ್ದು ಅಂತಿಯೋಕ್ಯದ ಸಭೆ. ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ ಓದಿ. ಪವಿತ್ರಾತ್ಮನು ಅಲ್ಲಿ ಆರಾಧನೆಗೆ ಕೂಡಿದ್ದವರ ಜೊತೆ ಮಾತಾಡಿದನು. ಅವರು ಉಪವಾಸ ಮಾಡಿ, ತಲೆಯ ಮೇಲೆ ಕೈ ಇಟ್ಟು ಕಳಿಸಿದರು.

ನಾನು ಸೇವೆಯಲ್ಲಿ ಇಡೀ ಆಯುಸ್ಸು ಕಳೆದವನು. ನನ್ನ ನಂಬಿಕೆ ಇದು: ಕರೆ ಒಬ್ಬನ ಕಿವಿಗೆ ಬೀಳಬಹುದು, ಅದನ್ನು ಗಟ್ಟಿ ಮಾಡುವುದು ಅವನನ್ನು ಚಿಕ್ಕಂದಿನಿಂದ ನೋಡಿದ ಸಭೆ. ಅದಕ್ಕೇ ಕೇಳುತ್ತೇನೆ. ನಿಮ್ಮ ಅಯ್ಯನವರು, ಅಂದರೆ ನಿಮ್ಮ ಸಭಾಪಾಲಕರು, ಏನನ್ನುತ್ತಾರೆ? ಸಭೆಯ ಹಿರಿಯ ತಾಯಂದಿರು ಏನನ್ನುತ್ತಾರೆ? ಹುಡುಗ ಈಗ ಸಭೆಯಲ್ಲಿ ಏನು ಮಾಡುತ್ತಿದ್ದಾನೆ? ಮೈಕ್ ಮುಂದೆ ಮಾಡುವುದನ್ನು ಬಿಟ್ಟು ಉಳಿದದ್ದನ್ನು ಹೇಳು.

ಮಾಲೂರಿನ ಸಹೋದರ:
ಅಯ್ಯನವರೇ, ಗೌರವದಿಂದಲೇ ಕೇಳುತ್ತೇನೆ. ಸಭೆ ಗಟ್ಟಿ ಮಾಡಬೇಕು ಅಂದರೆ ಕೊನೆಗೆ ಸಭೆಯ ಕಮಿಟಿಯೇ ಅಲ್ವಾ? ದೇವರ ಕರೆಗೆ ಕಮಿಟಿಯ ಒಪ್ಪಿಗೆ ಯಾಕೆ? ಪ್ರವಾದಿ ಆಮೋಸನಿಗೆ ಯಾವ ಕಮಿಟಿ ಇತ್ತು? ಕುರಿ ಕಾಯುವವನು, ಅತ್ತಿಹಣ್ಣು ಬೆಳೆಯುವವನು. ಬೇತೇಲಿನ ಯಾಜಕ ಅವನನ್ನು ಓಡಿಸಲು ನೋಡಿದ. ಕಮಿಟಿಯಲ್ಲಿ ಜಾತಿ, ಬಳಗ, ರಾಜಕೀಯ ಎಲ್ಲಾ ಇರುತ್ತದೆ ಅಲ್ವಾ? ಒಳ್ಳೆಯ ಹುಡುಗರು ಬಾಗಿಲಲ್ಲೇ ನಿಂತದ್ದನ್ನು ನಾನು ನೋಡಿದ್ದೇನೆ.

ಕೋಲಾರದ ನಿವೃತ್ತ ಸಭಾಪಾಲಕ:
ನಿಮ್ಮ ನೋವು ಸುಳ್ಳಲ್ಲ ತಮ್ಮಾ. ಕಮಿಟಿಗಳು ಅನ್ಯಾಯ ಮಾಡುವುದುಂಟು. ದಲಿತ ಹುಡುಗರು, ಬಡ ಮನೆಯ ಹುಡುಗರು ಎರಡು ಪಟ್ಟು ಕಾಯಬೇಕಾದದ್ದೂ ಉಂಟು. ಅದನ್ನು ಮುಚ್ಚಿಡಬಾರದು, ಎದ್ದು ನಿಂತು ಹೇಳಬೇಕು. ಆದರೆ ಆಮೋಸನು ಹೋದದ್ದು ರಾಜನಿಗೆ ಬುದ್ಧಿ ಹೇಳಲು. ಈ ಹುಡುಗ ಹೊರಟಿರುವುದು ಜನರನ್ನು ಮೇಯಿಸಲು. ಕುರುಬನಾಗಲು ಬಂದವನನ್ನು ಮಂದೆ ನೋಡಬೇಡವೇ? ಪೌಲನು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಸಭಾಧ್ಯಕ್ಷನಿಗೆ ಇರಬೇಕಾದ ಗುಣಗಳಿವೆ ನೋಡಿ. ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಅತಿಥಿಗಳನ್ನು ಸತ್ಕರಿಸಬೇಕು. ಇವುಗಳಲ್ಲಿ ಒಂದನ್ನಾದರೂ ಕನ್ನಡಿ ನೋಡಿಕೊಂಡು ತಿಳಿಯಲು ಆಗುತ್ತದೆಯೇ? ಅಕ್ಕಪಕ್ಕದವರೇ ಹೇಳಬೇಕು.

ಚಿಕ್ಕಬಳ್ಳಾಪುರದ ಅಮ್ಮ:
ನಾನು ಸಭಾಪಾಲಕರ ಹೆಂಡತಿ. ಹತ್ತಿರದಿಂದ ನೋಡಿದವರು ಹೇಳಿ ಅಂತ ಕೇಳಿದ್ದೀಯ, ಅದಕ್ಕೆ ಅಕ್ಕನ ಹಾಗೇ ಹೇಳುತ್ತೇನೆ.

ಹುಡುಗರು ಸೇವೆ ಅಂದಾಗ ಪ್ರಸಂಗವನ್ನು ನೆನೆಯುತ್ತಾರೆ. ಪ್ರಸಂಗ ಭಾನುವಾರ ಅರ್ಧ ಗಂಟೆ. ಉಳಿದ ವಾರ ಏನು? ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುತ್ತಾರೆ, ಗಂಡ ಕುಡಿದು ಹೊಡೆದ ಅಂತ. ಸಮಾಧಿಗೆ ಜಾಗ ಇಲ್ಲ ಅಂತ ತಹಶೀಲ್ದಾರರ ಕಚೇರಿಗೆ ಹೋಗಬೇಕು. ಮದುವೆಯ ರಿಜಿಸ್ಟರ್ ತಪ್ಪಿಲ್ಲದೆ ಬರೆಯಬೇಕು. ಚಾವಣಿ ಸೋರುತ್ತದೆ, ದುಡ್ಡು ಕೂಡಿಸಬೇಕು. ಎರಡು ಮನೆಯವರು ಮಾತು ಬಿಟ್ಟಿರುತ್ತಾರೆ, ಇಬ್ಬರ ಮನೆಯಲ್ಲೂ ಕಾಫಿ ಕುಡಿಯಬೇಕು. ಒಬ್ಬರ ಮನೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂತರೆ ಇನ್ನೊಬ್ಬರಿಗೆ ಬೇಜಾರು.

ವರ್ಗಾವಣೆ ಇನ್ನೊಂದು. ಮಕ್ಕಳಿಗೆ ಒಂದು ಶಾಲೆ ಒಗ್ಗಿತು ಅನ್ನುವಾಗ ಕಾಗದ ಬರುತ್ತದೆ. ನಮಗೆ ಸ್ವಂತ ಮನೆ ಇಲ್ಲ, ಸಭೆಯ ಮನೆ. ನಿವೃತ್ತರಾದ ಮೇಲೆ ಎಲ್ಲಿ ಎಂಬ ಯೋಚನೆ ರಾತ್ರಿ ಬರುತ್ತದೆ.

ಭಾಷೆಯ ವಿಚಾರವೂ ಹೇಳಿಬಿಡುತ್ತೇನೆ. ಈ ಭಾಗಕ್ಕೆ ಬಂದರೆ ಬರೀ ಕನ್ನಡ ಸಾಲದು. ಬಾಗೇಪಲ್ಲಿ ಕಡೆ ಅಜ್ಜಿಯಂದಿರು ತೆಲುಗಿನಲ್ಲೇ ಅಳುತ್ತಾರೆ, ತೆಲುಗಿನಲ್ಲೇ ಪ್ರಾರ್ಥಿಸುತ್ತಾರೆ. ನಮ್ಮ ಯಜಮಾನರು ಅದಕ್ಕಾಗಿಯೇ ತೆಲುಗು ಕಲಿತರು.

ಇಷ್ಟೆಲ್ಲಾ ಹೇಳಿದರೂ ಕೇಳು. ಸಾಯುತ್ತಿರುವವರ ಕೈ ಹಿಡಿದು ಕೀರ್ತನೆ ಓದುವ ಭಾಗ್ಯ ಎಲ್ಲರಿಗೂ ಸಿಗಲ್ಲ. ನನಗೆ ಇನ್ನೊಂದು ಬದುಕು ಕೊಟ್ಟರೂ ಇದನ್ನೇ ಆರಿಸುತ್ತೇನೆ. ತಮ್ಮನಿಗೆ ಮದುವೆ ಗೊತ್ತಾಗಿದೆಯಾ? ಆಗಿದ್ದರೆ ಆ ಹುಡುಗಿಯನ್ನು ಇವತ್ತೇ ಕೂರಿಸಿಕೊಂಡು ಮಾತಾಡಿ. ಕರೆ ಅವನಿಗೆ ಬಂದಿರಬಹುದು, ಬದುಕು ಇಬ್ಬರದೂ.

ಗುಬ್ಬಿಯ ಅಕ್ಕ:
ಅಮ್ಮ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲ ಸಲ ಪೂರ್ತಿ ಕೇಳಿಸಿಕೊಂಡರು. ಮದುವೆ ಇನ್ನೂ ಗೊತ್ತಾಗಿಲ್ಲ.

ಅಯ್ಯನವರೇ, ನೀವು ಕೇಳಿದ್ದಕ್ಕೆ ಉತ್ತರ. ಅವನು ಹಾಡುವುದಿಲ್ಲ, ಪ್ರಸಂಗ ಮಾಡಿಲ್ಲ. ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾನೆ. ನಮ್ಮ ಸಭೆಯ ಹಿರಿಯರೊಬ್ಬರಿಗೆ ತುಮಕೂರಿನಲ್ಲಿ ಡಯಾಲಿಸಿಸ್ ಆಗುತ್ತದೆ. ಅವರ ಮಗ ಬೆಂಗಳೂರಿನಲ್ಲಿ. ಶಿಫ್ಟ್ ಇಲ್ಲದ ದಿನ ಇವನೇ ಕರೆದುಕೊಂಡು ಹೋಗಿ, ಮುಗಿಯುವ ತನಕ ಪಕ್ಕದಲ್ಲಿ ಕೂತು ಬರುತ್ತಾನೆ. ಇದನ್ನು ಯಾರೂ ಅವನಿಗೆ ಒಪ್ಪಿಸಿದ್ದಲ್ಲ.

ಕೋಲಾರದ ನಿವೃತ್ತ ಸಭಾಪಾಲಕ:
ಉಪವಾಸ ಕೂಟದ ಕಣ್ಣೀರಿಗಿಂತ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮುಂದುವರಿಸಿ.

ಮಂಗಳೂರಿನಲ್ಲಿ ಓದುತ್ತಿರುವ ತುಮಕೂರಿನ ಹುಡುಗಿ:
ಅಕ್ಕ, ಓದಿನ ವಿಚಾರ ನಾನು ಹೇಳುತ್ತೇನೆ. ನಾನು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ದೈವಶಾಸ್ತ್ರದ ಪದವಿ) ಮಾಡುತ್ತಿದ್ದೇನೆ. ಬಾಸೆಲ್ ಮಿಷನ್‌ನವರು ಉಪದೇಶಕರನ್ನು ತಯಾರು ಮಾಡಲು 1847ರಲ್ಲಿ ಶುರು ಮಾಡಿದ ಶಾಲೆಯಿಂದ ಬೆಳೆದದ್ದು ಇದು. ಕನ್ನಡದ ಸಭೆಗಳಿಗೆ ಬಹಳ ಹತ್ತಿರ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು, ಅಲ್ಲಿ ಇಂಗ್ಲಿಷ್‌ನಲ್ಲಿ ಪಾಠ. ಎರಡೂ ಪದವಿ ಕೊಡುವ ಸೆರಾಂಪೋರ್ ಸೆನೆಟ್ ಅಡಿಯಲ್ಲಿ ಬರುತ್ತವೆ. ವಿಲಿಯಂ ಕೇರಿ ಮತ್ತು ಅವರ ಜೊತೆಗಾರರು 1818ರಲ್ಲಿ ಕಟ್ಟಿದ ಸೆರಾಂಪೋರ್ ಕಾಲೇಜಿನ ಸೆನೆಟ್ ಅದು. ಡಿಗ್ರಿ ಆದವರಿಗೆ ಬಿ.ಡಿ. ನಾಲ್ಕು ವರ್ಷ, ಪಿ.ಯು.ಸಿ. ಆದವರಿಗೆ ಐದು.

ಮುಖ್ಯವಾದದ್ದು ಇದು. ಸಿ.ಎಸ್.ಐ.ನಲ್ಲಿ ಸಭಾಪಾಲಕನಾಗಬೇಕು ಅಂದರೆ ತಾನಾಗಿಯೇ ಕಾಲೇಜಿಗೆ ಸೇರಿಬಿಟ್ಟರೆ ಸಾಲದು. ಡಯಾಸಿಸ್, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ಪ್ರಾಂತ್ಯ, ಕಳಿಸಬೇಕು. ಸ್ಥಳೀಯ ಸಭೆಯ ಶಿಫಾರಸು, ಆಮೇಲೆ ಡಯಾಸಿಸ್‌ನ ಸಂದರ್ಶನ, ಬಿಷಪ್ಪರ ಒಪ್ಪಿಗೆ. ಓದಿ ಬಂದ ಮೇಲೂ ನೇರವಾಗಿ ಅಭಿಷೇಕ (ಸಭಾಪಾಲಕನಾಗಿ ನೇಮಿಸುವ ವಿಧಿ) ಇಲ್ಲ. ಹಿರಿಯ ಸಭಾಪಾಲಕರ ಕೈಕೆಳಗೆ ಕೆಲಸ ಮಾಡಿ, ಮೊದಲು ಡೀಕನ್, ಆಮೇಲೆ ಪ್ರೆಸ್ಬಿಟರ್, ಅಂದರೆ ಪೂರ್ಣ ಸಭಾಪಾಲಕ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸಿ.ಎಸ್.ಐ. ಸಭೆಗಳೆಲ್ಲ ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ ಸೇರುತ್ತವೆ. ಕೆಲಸ ಬಿಡುವ ಮೊದಲು ಅಲ್ಲಿ ವಿಚಾರಿಸಲಿ.

ಓದು ಸುಲಭ ಅಲ್ಲ. ಹೀಬ್ರೂ, ಗ್ರೀಕ್, ಸಭೆಯ ಚರಿತ್ರೆ, ಬೇರೆ ಧರ್ಮಗಳ ಅಧ್ಯಯನ ಎಲ್ಲಾ ಇದೆ. ಮೊದಲ ವರ್ಷ ನನ್ನ ನಂಬಿಕೆಯೇ ಅಲುಗಾಡಿತು. ಸಂಡೇ ಸ್ಕೂಲಿನಲ್ಲಿ ಕಲಿತ ಎಷ್ಟೋ ಉತ್ತರಗಳು ಸಾಕಾಗಲಿಲ್ಲ. ಆದರೆ ಕೆಳಗೆ ಗಟ್ಟಿ ನೆಲ ಸಿಕ್ಕಿತು.

ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ಸಿ.ಎಸ್.ಐ.ನಲ್ಲಿ ಹೆಣ್ಣುಮಕ್ಕಳಿಗೆ ಅಭಿಷೇಕ ಶುರುವಾಗಿದ್ದು 1976ರಲ್ಲಿ. 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಎಗ್ಗೋಣಿ ಪುಷ್ಪಲಲಿತಾ ಬಿಷಪ್ ಆದರು. ಬಾಗಿಲು ತೆರೆದಿದೆ. ಒಳಗೆ ಕೂರಲು ಜಾಗ ಕೊಡಲು ಮಾತ್ರ ಕೆಲವು ಸಭೆಗಳಿಗೆ ಇನ್ನೂ ಮನಸ್ಸಿಲ್ಲ. ಫೊಯಿಬೆ ಎಂಬ ಹೆಣ್ಣುಮಗಳನ್ನು ಪೌಲನು ಕೆಂಖ್ರೆಯ ಸಭೆಯ ಸೇವಕಿ ಎಂದು ಹೆಸರು ಹಿಡಿದು ಬರೆದಿದ್ದಾನೆ. ನನಗೆ ಅಷ್ಟು ಸಾಕು.

ಕೆ.ಜಿ.ಎಫ್.ನ ಕಥೋಲಿಕ:
ನಮ್ಮಲ್ಲಿ ಹೇಗೆ ಅಂತ ಹೇಳಲಾ? ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರುತ್ತವೆ. ನನ್ನ ಅಣ್ಣನ ಮಗ ಗುರುಮಠದಲ್ಲಿ, ಅಂದರೆ ಪಾದ್ರಿಗಳಾಗುವವರನ್ನು ತಯಾರು ಮಾಡುವ ಸೆಮಿನರಿಯಲ್ಲಿ, ಇದ್ದಾನೆ. ನಮ್ಮದು ದೀರ್ಘ ದಾರಿ. ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಕಡಿಮೆ ಅಂದರೂ ಆರು ವರ್ಷ ಅಂತ ಧರ್ಮಸಭೆಯ ಕಾನೂನೇ ಹೇಳುತ್ತದೆ. ಇಪ್ಪತ್ತೈದು ತುಂಬದೆ ಗುರುದೀಕ್ಷೆ ಇಲ್ಲ. ಮಧ್ಯೆ ಒಂದು ವರ್ಷ ಯಾವುದಾದರೂ ಧರ್ಮಕೇಂದ್ರದಲ್ಲೋ ಹಾಸ್ಟೆಲಿನಲ್ಲೋ ಕೆಲಸ ಮಾಡಿಸಿ ನೋಡುತ್ತಾರೆ. ಬೇಡ ಅನ್ನಿಸಿದರೆ ವಾಪಸ್ಸು ಬರಬಹುದು. ಹಾಗೆ ಬಂದವರನ್ನು ಊರಿನವರು ಸೋತವರ ಹಾಗೆ ನೋಡುತ್ತಾರಲ್ಲ, ಅದು ನನಗೆ ಬಹಳ ನೋವು ಕೊಡುತ್ತದೆ. ಪರೀಕ್ಷಿಸಿ ನೋಡಿ, ಇದು ನನ್ನ ದಾರಿ ಅಲ್ಲ ಎಂದು ತಿಳಿದವನೂ ದೇವರ ಮಾತನ್ನೇ ಕೇಳಿದ್ದಾನೆ.

ಮೇಲೆ ಅಯ್ಯನವರು ಹೇಳಿದ ವಿಷಯ ನಮ್ಮ ದೀಕ್ಷೆಯ ವಿಧಿಯಲ್ಲೇ ಇದೆ. ಅಭ್ಯರ್ಥಿ ಯೋಗ್ಯನೇ ಎಂದು ಬಿಷಪ್ಪರು ಕೇಳುತ್ತಾರೆ. ಕ್ರೈಸ್ತ ಜನರಲ್ಲಿ ವಿಚಾರಿಸಿ, ಜವಾಬ್ದಾರಿ ಇರುವವರ ಸಲಹೆ ಪಡೆದು, ಯೋಗ್ಯನೆಂದು ತಿಳಿದಿದ್ದೇವೆ ಎಂದು ಉತ್ತರ ಕೊಡಬೇಕು. ಆ ಮಾತು ಕೇಳುವಾಗ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತದೆ.

ಚಿಂತಾಮಣಿಯ ದುಡಿಯುವ ಪಾಸ್ಟರ್:
ನಮ್ಮದು ಚಿಕ್ಕ ಸ್ವತಂತ್ರ ಸಭೆ. ಸಂಬಳ ಕೊಡುವ ಶಕ್ತಿ ಅವರಿಗಿಲ್ಲ. ನಾನು ಟೊಮೆಟೊ ಬೆಳೆಯುತ್ತೇನೆ, ಕೋಲಾರದ ಎ.ಪಿ.ಎಂ.ಸಿ.ಗೆ ಹಾಕುತ್ತೇನೆ. ಬೆಲೆ ಬಿದ್ದ ವರ್ಷ ಸಭೆಯ ರೈತರ ಜೊತೆ ನಾನೂ ಬೀಳುತ್ತೇನೆ. ಅವರ ಕಷ್ಟ ನನಗೆ ಬೇರೆಯವರ ಕಥೆ ಅಲ್ಲ. ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದ. ಆದ್ದರಿಂದ ಕೆಲಸ ಬಿಟ್ಟರೆ ಮಾತ್ರ ಸೇವೆ ಅಂತ ತಮ್ಮ ಅಂದುಕೊಂಡಿದ್ದರೆ ಸ್ವಲ್ಪ ನಿಲ್ಲಲಿ. ಹಾಗಂತ ಪೂರ್ಣಾವಧಿ ಸೇವೆ ತಪ್ಪು ಅಂತಲೂ ನಾನು ಹೇಳಲ್ಲ. ಸುವಾರ್ತೆ ಸಾರುವವರು ಅದರಿಂದಲೇ ಜೀವನ ಮಾಡಬೇಕು ಎಂದು ಅದೇ ಪೌಲನು ಬರೆದಿದ್ದಾನೆ.

ಒಂದು ಎಚ್ಚರಿಕೆ. ಬೈಬಲ್ ಕಾಲೇಜು ಎಂಬ ಬೋರ್ಡು ಎಲ್ಲಾ ಕಡೆ ಇದೆ. ನಾನು ಹೋದ ಒಂದರಲ್ಲಿ ಗ್ರಂಥಾಲಯ ಅನ್ನುವುದೇ ಇರಲಿಲ್ಲ, ಕೊಟ್ಟ ಸರ್ಟಿಫಿಕೇಟು ಯಾವ ಸಭೆಯೂ ಒಪ್ಪಲಿಲ್ಲ. ಹೋಗಿ ಕಣ್ಣಾರೆ ನೋಡಿ. ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ನಮ್ಮ ಜಿಲ್ಲೆಗಳಿಗೆ ಹತ್ತಿರದಲ್ಲಿ ಬಂಗಾರಪೇಟೆಯ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ ಇದೆ, ಬಹಳ ಹಳೆಯದು. ಆದರೆ ಸಿ.ಎಸ್.ಐ.ನಲ್ಲಿ ಅಭಿಷೇಕ ಬೇಕಾದರೆ ಮಂಗಳೂರಿನ ತಂಗಿ ಹೇಳಿದಂತೆ ಡಯಾಸಿಸ್‌ನವರನ್ನೇ ಕೇಳಬೇಕು.

ಕೋಲಾರದ ನರ್ಸ್:
ನಾನು ಮೆಥಡಿಸ್ಟ್. 1947ರ ಸೆಪ್ಟೆಂಬರ್ 27ಕ್ಕೆ ಹಲವು ಮಿಷನ್‌ಗಳ ಸಭೆಗಳು ಒಂದಾಗಿ ಸಿ.ಎಸ್.ಐ. ಆದಾಗ ತುಮಕೂರಿನ ವೆಸ್ಲಿಯನ್ ಸಭೆಗಳೂ ಚಿಕ್ಕಬಳ್ಳಾಪುರದ ಲಂಡನ್ ಮಿಷನ್ ಸಭೆಗಳೂ ಅದರೊಳಗೆ ಹೋದವು. ಅಮೆರಿಕದ ಮೆಥಡಿಸ್ಟರು ಕಟ್ಟಿದ ನಮ್ಮ ಕೋಲಾರದ ಸಭೆ ಹೊರಗೇ ಉಳಿಯಿತು. ಈ ಜಿಲ್ಲೆಗಳಲ್ಲಿ ಸೇವೆಯ ಚರಿತ್ರೆ ಅಂದರೆ ಬರೀ ಪಾದ್ರಿಗಳದ್ದಲ್ಲ. ಕೋಲಾರದ ನಮ್ಮ ಇ.ಟಿ.ಸಿ.ಎಂ. (ಎಲನ್ ಥೋಬರ್ನ್ ಕವನ್ ಮೆಮೋರಿಯಲ್) ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಇವೆಲ್ಲ ಕರೆ ಕೇಳಿಸಿಕೊಂಡ ವೈದ್ಯರು, ನರ್ಸುಗಳು ಕಟ್ಟಿದ್ದು. ಹೆರಿಗೆಗೆ ಬಂದ ತಾಯಿ ಯಾವ ಧರ್ಮ ಎಂದು ಕೇಳದೆ ರಾತ್ರಿಯಿಡೀ ನಿಂತವರು. ಡಯಾಲಿಸಿಸ್ ಪಕ್ಕ ಕೂರುವ ಹುಡುಗನಿಗೆ ಸಭಾಪಾಲಕನ ಅಂಗಿಯೇ ಯಾಕೆ ಬೇಕು ಎಂದು ಅವನನ್ನೇ ಕೇಳಬೇಕು ಅನ್ನಿಸುತ್ತದೆ. ಕೆಣಕಲು ಕೇಳುತ್ತಿಲ್ಲ. ನಿಜವಾಗಿ ತಿಳಿಯಲು.

ತಮ್ಮ:
ನಾನೇ ಆ ತಮ್ಮ. ಅಕ್ಕ ಎಲ್ಲಾ ತೋರಿಸಿದಳು. ಎಲ್ಲರಿಗೂ ವಂದನೆಗಳು.

ನರ್ಸ್ ಅಕ್ಕನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಣ್ಣೀರು ಬಂದದ್ದು ಉಪವಾಸ ಕೂಟದಲ್ಲಿ ನಿಜ. ಆದರೆ ಶುರುವಾದದ್ದು ಅದಕ್ಕಿಂತ ಮುಂಚೆ. ನಮ್ಮ ಲೈನಿನಲ್ಲಿ ಒಡಿಶಾದ ಹುಡುಗನೊಬ್ಬ ಇದ್ದಾನೆ. ಅವನ ತಾಯಿ ತೀರಿಕೊಂಡ ಸುದ್ದಿ ನೈಟ್ ಶಿಫ್ಟ್‌ನಲ್ಲಿ ಬಂತು. ರೈಲು ಸಿಕ್ಕಿದರೂ ಮಣ್ಣಿಗೆ ಮುಟ್ಟುವುದಿಲ್ಲ ಅಂತ ಗೊತ್ತಿತ್ತು. ಬೆಳಗಿನವರೆಗೆ ಅವನ ರೂಮಿನಲ್ಲಿ ಕೂತಿದ್ದೆ. ನನಗೆ ಹಿಂದಿ ಸರಿಯಾಗಿ ಬರಲ್ಲ. ದೇವರು ಯಾಕೆ ಹೀಗೆ ಮಾಡಿದ ಅಂತ ಒಂದೇ ಸಮ ಕೇಳುತ್ತಿದ್ದ. ಅವನು ಕ್ರೈಸ್ತನಲ್ಲ, ಅವನನ್ನು ಕ್ರೈಸ್ತನನ್ನಾಗಿ ಮಾಡಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಅವನ ಪ್ರಶ್ನೆಯ ಎದುರು ನನ್ನ ಹತ್ತಿರ ಏನೂ ಇರಲಿಲ್ಲ. ಕಾರಣವಿಲ್ಲದೆ ಕಷ್ಟಪಟ್ಟವನ ಕಥೆ ಇರುವ ಬೈಬಲಿನ ಯೋಬನ ಪುಸ್ತಕವನ್ನು ಪೂರ್ತಿ ಓದಿದ್ದು ಆಮೇಲೆ. ಅರ್ಧ ಅರ್ಥ ಆಗಲಿಲ್ಲ. ಕೂತು ಕಲಿಯಬೇಕು ಎಂಬ ಹಸಿವು ಅಲ್ಲಿಂದ.

ಅಭಿಷೇಕ ಯಾಕೆ ಬೇಕು ಅಂದರೆ, ನಮ್ಮ ಅಯ್ಯನವರು ಒಬ್ಬರೇ ಹಲವು ಹಳ್ಳಿಗಳ ಸಭೆಗಳನ್ನು ನೋಡಿಕೊಳ್ಳುತ್ತಾರೆ. ಸಭಾಪಾಲಕರು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಕೆಲವು ಕಡೆ ಯಾವಾಗಲೋ ಒಮ್ಮೆ. ಡಯಾಲಿಸಿಸ್ ತಾತ ಒಂದು ದಿನ ಕೇಳಿದರು, "ಮಗಾ, ನೀನೇ ರೊಟ್ಟಿ ಮುರಿದು ಕೊಡೋಕೆ ಆಗಲ್ವಾ?" ಆಗಲ್ಲ ತಾತ, ನನಗೆ ಅಧಿಕಾರ ಇಲ್ಲ ಅಂದೆ. ಮನೆಗೆ ಬರುವ ದಾರಿಯೆಲ್ಲಾ ಆ ಮಾತೇ ಕಿವಿಯಲ್ಲಿತ್ತು.

ಅಪ್ಪನ ಸಾಲದ ವಿಚಾರ ನನಗೆ ಗೊತ್ತು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಎಂದು ಯೇಸುವೇ ಹೇಳಿದ್ದಾರೆ. ಸಾಲ ತೀರುವ ತನಕ ಕೆಲಸದಲ್ಲಿ ಇರುತ್ತೇನೆ ಎಂದು ನಿನ್ನೆ ಅಪ್ಪನಿಗೆ ಹೇಳಿದೆ.

ಮಾಲೂರಿನ ಸಹೋದರ:
ತಮ್ಮಾ, ನಿನ್ನ ಮಾತು ಓದಿ ನನಗೆ ಸಂತೋಷವಾಯಿತು. ತಕ್ಷಣ ಹೊರಡು ಅಂದಿದ್ದೆ. ನೀನು ಆಗಲೇ ಹೊರಟಿದ್ದೀಯ ಅಂತ ಈಗ ಅನ್ನಿಸುತ್ತಿದೆ. ಕಮಿಟಿಯ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಕೋಲಾರದ ನಿವೃತ್ತ ಸಭಾಪಾಲಕ:
ಮಗನೇ, ಆ ತಾತನ ಪ್ರಶ್ನೆಯನ್ನು ಸಂದರ್ಶನದಲ್ಲಿ ಹೇಳು. ಅಲಂಕಾರ ಬೇಡ, ಇಲ್ಲಿ ಬರೆದ ಹಾಗೇ ಹೇಳು.

ನಿಮ್ಮ ಊರಿನದೇ ಒಂದು ಸಂಗತಿ ನಿನಗೆ ಗೊತ್ತಿರಲಿ. ವೆಸ್ಲಿಯನ್ ಮಿಷನ್‌ನ ವಿಲಿಯಂ ಆರ್ಥರ್ 1839ರಲ್ಲಿ ಗುಬ್ಬಿಗೆ ಬಂದಾಗ ಇಪ್ಪತ್ತರ ಹರೆಯದವರು. ಕನ್ನಡ ಕಲಿತರು, ಸಂತೆಗಳಲ್ಲಿ ಜನರ ಜೊತೆ ಮಾತಾಡಿದರು. ಆರೋಗ್ಯ ಕೆಟ್ಟು 1841ರಲ್ಲೇ ಇಂಗ್ಲೆಂಡಿಗೆ ಹಿಂತಿರುಗಬೇಕಾಯಿತು. ಕರೆ ಸುಳ್ಳಾಯಿತು ಎಂದು ಅವರಿಗೆ ಅನ್ನಿಸಿರಬಹುದಲ್ವಾ? ಮುಂದೆ 1866ರಲ್ಲಿ ತಮ್ಮ ಸಭೆಯ ಅಧ್ಯಕ್ಷರಾಗುವ ಮಟ್ಟಿಗೆ ಬೇರೆ ರೀತಿಯಲ್ಲಿ ದುಡಿದರು. ಡಯಾಸಿಸ್‌ನವರು ಈ ವರ್ಷ ಬೇಡ ಅಂದರೆ ಕುಗ್ಗಬೇಡ. ಕಾಯುವಾಗಲೂ ತಾತನನ್ನು ಕರೆದುಕೊಂಡು ಹೋಗುವುದನ್ನು ನಿಲ್ಲಿಸಬೇಡ.

ಇನ್ನೊಂದು. ನಿಮ್ಮ ಅಯ್ಯನವರ ಜೊತೆ ಒಂದಷ್ಟು ತಿಂಗಳು ಮನೆಭೇಟಿಗೆ ಹೋಗು. ಚಿಕ್ಕಬಳ್ಳಾಪುರದ ತಾಯಿ ಹೇಳಿದ್ದೆಲ್ಲಾ ಕಣ್ಣಿಗೆ ಬೀಳುತ್ತದೆ. ಬಾಗಿಲು ಹಾಕಿಕೊಳ್ಳುವ ಮನೆಗಳಿಗೂ ಹೋಗು.

ಗುಬ್ಬಿಯ ಅಕ್ಕ:
ಅಪ್ಪ ನಮ್ಮ ಜೊತೆ ಕೂತು ಇದನ್ನೆಲ್ಲಾ ಓದಿಸಿಕೊಂಡರು. ಒಪ್ಪಿದ್ದೇನೆ ಅಂತ ಹೇಳಲಿಲ್ಲ. "ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ನಾನೇ ಮಾತಾಡಿಸುತ್ತೇನೆ, ಇವನ ಬಗ್ಗೆ ಅವರು ಏನು ನೋಡಿದ್ದಾರೆ ಅಂತ ಕೇಳುತ್ತೇನೆ" ಅಂದರು. ತಮ್ಮನೂ ಸರಿ ಅಂದ.

ಮಂಗಳೂರಿನ ತಂಗಿ, ಸೇರುವ ಮೊದಲು ಮನೆಯಲ್ಲೇ ಓದಬಹುದಾದ ಕನ್ನಡ ಪುಸ್ತಕಗಳಿದ್ದರೆ ಹೇಳಮ್ಮ. ನೈಟ್ ಶಿಫ್ಟ್ ಇಲ್ಲದ ವಾರಗಳಲ್ಲಿ ಅವನಿಗೆ ಸಂಜೆ ಹೊತ್ತು ಬಿಡುವಿರುತ್ತದೆ.

ಮಂಗಳೂರಿನಲ್ಲಿ ಓದುತ್ತಿರುವ ತುಮಕೂರಿನ ಹುಡುಗಿ:
ಖಂಡಿತ ಅಕ್ಕ. ಇಲ್ಲಿನ ಗ್ರಂಥಾಲಯದಲ್ಲಿ ನೋಡಿ ಈ ವಾರದಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಯೋಬನನ್ನು ಮತ್ತೆ ಓದಲಿ, ಈ ಸಲ ಸ್ನೇಹಿತರ ಮಾತುಗಳನ್ನು ನಿಧಾನವಾಗಿ. ದುಃಖದಲ್ಲಿರುವವನ ಮುಂದೆ ಅವರು ಯಾವಾಗ ಸುಮ್ಮನಿದ್ದರು, ಯಾವಾಗ ಬಾಯಿ ತೆರೆದರು ಎಂದು ಗುರುತು ಹಾಕಿಕೊಳ್ಳಲಿ. ನಮ್ಮ ತರಗತಿಯಲ್ಲಿ ಅದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು.